ತುಂಗಭದ್ರೆಯ ದಡಕ್ಕೆ ಬುದ್ಧನ ಹೆಸರು ಬಂದ ಬಗೆ

ಎಮ್ಮಿಗನೂರು, ಕಂಪ್ಲಿ, ಕುರುಗೋಡು ಕಡೆಯವರ ಮುಂದೆ ಬೌದ್ಧಧರ್ಮದ ಮಾತೆತ್ತಿದರೆ ಬೋಧಗಯೆ, ಸಾರನಾಥ, ಸಾಂಚಿಯ ಹೆಸರುಗಳು ಬರುತ್ತವೆ. ನಮ್ಮ ಸೀಮೆಯ ಚರಿತ್ರೆ ಅಂದರೆ ಹಂಪಿ, ಅದಕ್ಕೂ ಹಿಂದೆ ಹೋದರೆ ಕುಮ್ಮಟದುರ್ಗದ ಕುಮಾರರಾಮ. ಅಲ್ಲಿಗೆ ನಿಲ್ಲುತ್ತದೆ. ವಿಜಯನಗರ ಹುಟ್ಟುವುದಕ್ಕೆ ಸುಮಾರು 1,600 ವರ್ಷ ಮೊದಲೇ ಇದೇ ಬಲದಂಡೆಯ ಬಂಡೆಗಳ ಮೇಲೆ ಒಬ್ಬ ಚಕ್ರವರ್ತಿ ತಾನು ಬುದ್ಧನ ಉಪಾಸಕನಾದ ಸಂಗತಿಯನ್ನು ಬರೆಸಿದ್ದಾನೆ. ಭತ್ತದ ಗದ್ದೆಗಳ ನಡುವೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಆ ಬರಹ ಇಂದಿಗೂ ಇದೆ.

ಈ ಎರಡು ಊರುಗಳ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ತಡವಾಗಿ, 1970ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಕರ್ನಾಟಕದ ಬೇರೆ ಹಲವು ಅಶೋಕ ಶಾಸನಗಳು ಪ್ರಸಿದ್ಧವಾಗಿದ್ದವು. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬರಹಗಳನ್ನು ಗುರುತಿಸಿದ್ದರು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನವು ಸಿಕ್ಕವು. ಪ್ರತಿವರ್ಷ ಗವಿಸಿದ್ಧೇಶ್ವರ ಅಜ್ಜನ ಜಾತ್ರೆಗೆ ಲಕ್ಷಾಂತರ ಜನ ಕೊಪ್ಪಳಕ್ಕೆ ಹೋಗುತ್ತಾರೆ. ತೇರು ನೋಡಿ, ಮಹಾದಾಸೋಹದಲ್ಲಿ ಉಂಡು ಬರುವ ಅವರಲ್ಲಿ ಮಠದ ಬೆಟ್ಟದ ಮೇಲಿನ ಅಶೋಕನ ಅಕ್ಷರಗಳನ್ನು ಕಂಡು ಬರುವವರು ತೀರ ಕಡಿಮೆ.

ಇವೆಲ್ಲಕ್ಕಿಂತ ದೊಡ್ಡ ಸದ್ದು ಮಾಡಿದ್ದು ಮಸ್ಕಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಎಲ್ಲ ಕಡೆಯೂ ಕಂಡದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳೇ. ಅಶೋಕ ಎಂಬ ಹೆಸರು ಎಲ್ಲೂ ಇರಲಿಲ್ಲ. ಸಿಂಹಳದ ಬೌದ್ಧ ವೃತ್ತಾಂತಗಳ ಆಧಾರದ ಮೇಲೆ ಈ ಪ್ರಿಯದರ್ಶಿಯೇ ಅಶೋಕನೆಂದು ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಮಸ್ಕಿಗೆ ಬಂದರು. ಅವರು ಕಂಡ ಬಂಡೆಯ ಮೇಲೆ ಚಕ್ರವರ್ತಿಯ ನಿಜನಾಮವೇ ಇತ್ತು, ಸುಮಾರು 80 ವರ್ಷಗಳ ಊಹೆಗೆ ಪುರಾವೆ ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಅದೇ ಹೆಸರು ಕಂಡಿತು, ಕೊನೆಗೆ ನಿಟ್ಟೂರು ಮತ್ತು ಉಡೇಗೋಳದಲ್ಲಿ. ಅಶೋಕ ತನ್ನ ಸ್ವಂತ ಹೆಸರು ಬರೆಸಿದ ಈ ನಾಲ್ಕು ಬಂಡೆಗಳಲ್ಲಿ ಮೂರು ಕರ್ನಾಟಕದಲ್ಲಿವೆ, ಅವುಗಳಲ್ಲಿ ಎರಡು ಸಿರುಗುಪ್ಪ ಎಂಬ ಒಂದೇ ತಾಲ್ಲೂಕಿನಲ್ಲಿ. ಬಳ್ಳಾರಿ ಜಿಲ್ಲೆಯ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬೇಕಾದ ಮಾತು ಇದು ಎಂದು ನನಗೆ ಅನ್ನಿಸುತ್ತದೆ.

ಬಂಡೆಯ ಮೇಲೆ ಇರುವುದೇನು? ವಿದ್ವಾಂಸರು ಇದನ್ನು ಕಿರು ಬಂಡೆ ಶಾಸನ ಎನ್ನುತ್ತಾರೆ. ರಾಜರ ಶಾಸನಗಳಲ್ಲಿ ನಾವು ನಿರೀಕ್ಷಿಸುವ ಗೆಲುವು, ವಂಶಾವಳಿ, ದಾನದ ಲೆಕ್ಕ ಯಾವುದೂ ಇಲ್ಲಿಲ್ಲ. ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಹತ್ತಿರ ಬಂದು ಒಂದು ವರ್ಷದ ಮೇಲಾಗಿದೆ, ಈಗ ಮನಸ್ಸಿಟ್ಟು ದುಡಿಯುತ್ತಿದ್ದೇನೆ ಎಂಬ ಅರ್ಥದ ಮಾತಿನಿಂದ ಅದು ಶುರುವಾಗುತ್ತದೆ. ಇಂಥ ಪ್ರಯತ್ನದಿಂದ ಸ್ವರ್ಗ ಸಿಗುವುದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂದು ಮುಂದುವರಿಯುತ್ತದೆ. ಗಡಿಯಾಚೆಯವರಿಗೂ ಈ ವಿಷಯ ತಿಳಿಯಲಿ ಎಂಬ ಆಸೆಯೂ ಅದರಲ್ಲಿದೆ. ಉಪಖಂಡದ ಬಹುಭಾಗವನ್ನು ಆಳುವವನೊಬ್ಬ ತಾನು ಒಂದು ವರ್ಷ ಸುಮ್ಮನೆ ಕಳೆದೆನೆಂದು ಪರವೂರಿನ ಬಂಡೆಯ ಮೇಲೆ ಕೊರೆಸಿಡುವುದಕ್ಕೆ ನಮ್ಮ ಶಾಸನಗಳಲ್ಲಿ ನನಗೆ ಸಾಟಿ ಕಾಣುವುದಿಲ್ಲ. ಸಾವಿರಾರು ಶಾಸನಗಳಿರುವ ಕನ್ನಡ ನಾಡಿನ ಲಿಖಿತ ಚರಿತ್ರೆ ಈ ಮಾತಿನಿಂದ ಆರಂಭವಾಗುತ್ತದೆ.

ಕಾಲ ಕ್ರಿ.ಪೂ. ಮೂರನೆಯ ಶತಮಾನದ ನಡುಭಾಗ. ಕಳಿಂಗ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಸಂಖ್ಯೆ ಇದೆ. ಚಕ್ರವರ್ತಿ 256 ರಾತ್ರಿ ಅರಮನೆಯಿಂದ ಹೊರಗೆ ಪ್ರವಾಸದಲ್ಲಿದ್ದಾಗ ಈ ಘೋಷಣೆ ಹೊರಟಿತು ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿದ ಅರ್ಥ. ಹೊರಟ ಮಾತು ಇಲ್ಲಿಗೆ ತಲುಪಿದ ದಾರಿಯ ಒಂದು ತುಣುಕು ಅದೇ ಬ್ರಹ್ಮಗಿರಿಯಲ್ಲಿ ಉಳಿದುಕೊಂಡಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ಆಜ್ಞೆಯನ್ನು ಕಳಿಸಿದ್ದಾರೆ. ಬಂಡೆಯ ಮೇಲೆ ಬೇಕಾಗಿದ್ದುದು ಆಜ್ಞೆ ಮಾತ್ರ. ಆದರೆ ಇಸಿಲದವರು ಆ ಕ್ಷೇಮಸಮಾಚಾರವನ್ನೂ ಸೇರಿಸಿ ಇದ್ದದ್ದನ್ನು ಇದ್ದಹಾಗೆ ಕೊರೆಸಿದರು. ಅದರಿಂದಲೇ ಪಾಟಲಿಪುತ್ರ, ಸುವರ್ಣಗಿರಿ, ಇಸಿಲ ಎಂಬ ಆಡಳಿತದ ಮೆಟ್ಟಿಲುಗಳು ಇವತ್ತು ನಮಗೆ ಗೊತ್ತಾಗಿವೆ. ಸುವರ್ಣಗಿರಿ ಯಾವುದು ಎಂಬ ಚರ್ಚೆ ಇನ್ನೂ ನಡೆದಿದೆ. ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುತ್ತಾರೆ, ಕೆಲವರು ಮಸ್ಕಿ, ಇನ್ನು ಕೆಲವರು ಕರ್ನೂಲು ಸೀಮೆಯ ಎರ್ರಗುಡಿಯ ಬಳಿಯ ಜೊನ್ನಗಿರಿ. ಇಸಿಲ ಬ್ರಹ್ಮಗಿರಿಯ ನೆರೆಯಲ್ಲೇ ಇದ್ದ ಊರು.

ಮೊಳಕಾಲ್ಮೂರಿನ ಆ ಮೂರು ಶಾಸನಗಳನ್ನು ಬರೆದವನ ಹೆಸರು ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಹೋಗುವ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ, ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಇಂದಿನ ಪೇಶಾವರ, ತಕ್ಷಶಿಲೆಯ ಕಡೆಯ ಲಿಪಿ. ವಾಯವ್ಯದ ಆ ಗಡಿಯಲ್ಲಿ ಅಕ್ಷರ ಕಲಿತ ಅಥವಾ ಅಲ್ಲಿ ನೌಕರಿ ಮಾಡಿದ ಒಬ್ಬ ಗುಮಾಸ್ತ ಚಿತ್ರದುರ್ಗದ ಕಲ್ಲುಗುಡ್ಡಗಳವರೆಗೆ ಬಂದು ಬಂಡೆಯ ಮೇಲೆ ತನ್ನ ಗುರುತು ಬಿಟ್ಟಿದ್ದಾನೆ. ಇವನಿಗಿಂತ ಹಳಬನಾದ, ಹೆಸರು ತಿಳಿದಿರುವ ಬರಹಗಾರ ಕರ್ನಾಟಕದ ನೆಲದಲ್ಲಿ ಮತ್ತೊಬ್ಬನಿಲ್ಲ.

ಬಂಡೆಯ ಮೇಲೆ ಬರೆದರೆ ಓದುವವರು ಯಾರು ಎಂಬ ಪ್ರಶ್ನೆ ಅಂದಿನ ಅಧಿಕಾರಿಗಳಿಗೂ ಎದುರಾಗಿರಬೇಕು. ಭಾಷೆ ಪ್ರಾಕೃತ, ಜನ ಆಡುತ್ತಿದ್ದುದು ಬೇರೆ, ಅಕ್ಷರವೇ ಹೊಸದು. ಅದಕ್ಕೆ ಉತ್ತರ ಎರಡನೆಯ ಕಿರು ಶಾಸನದಲ್ಲಿ ಸಿಗುತ್ತದೆ. ಎರ್ರಗುಡಿಯಲ್ಲಿ ಅದರ ಪಾಠ ಚೆನ್ನಾಗಿ ಉಳಿದಿದೆ, ನಿಟ್ಟೂರು ಮತ್ತು ಉಡೇಗೋಳದ ಪಾಠಗಳೂ ಅದೇ ಗುಂಪಿನವು. ಅಲ್ಲಿ ರಜ್ಜುಕನೆಂಬ ಅಧಿಕಾರಿಗೆ ಆಜ್ಞೆ ಹೋಗುತ್ತದೆ. ಅವನು ಭೇರಿ ಹೊಡೆಸಿ ಜನಪದಕ್ಕೆ ಸಾರಬೇಕು, ರಠಿಕರೆಂಬ ಅಧಿಕಾರಿಗಳಿಗೂ ತಿಳಿಸಬೇಕು. ಆನೆ ಸವಾರರು, ಕರಣಿಕರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಕಲಿಸಬೇಕು. ನಮ್ಮ ಹಳ್ಳಿಗಳಲ್ಲಿ ತಳವಾರ ತಮಟೆ ಬಡಿದು ಡಂಗುರ ಸಾರುತ್ತಿದ್ದನಲ್ಲ, ಅದೇ ಏರ್ಪಾಟು. ಬಂಡೆ ದಾಖಲೆಗೆ, ಡಂಗುರ ಜನಕ್ಕೆ. ಸಾರಬೇಕಾಗಿದ್ದ ಮಾತುಗಳು ಸರಳವಾದವು: ತಂದೆತಾಯಿಯ ಮಾತು ಕೇಳಿ, ಹಿರಿಯರನ್ನು ಗೌರವಿಸಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ, ಶಿಷ್ಯ ಗುರುವನ್ನು ಆದರಿಸಲಿ, ನೆಂಟರಿಷ್ಟರ ಜೊತೆ ಸರಿಯಾಗಿ ನಡೆದುಕೊಳ್ಳಿ. ಇದೇ ಹಿಂದಿನಿಂದ ಬಂದ ರೀತಿ ಎಂದು ಅಶೋಕನೇ ಹೇಳುತ್ತಾನೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಪಟ್ಟಿಯಲ್ಲಿ ಬುದ್ಧನ ಬೋಧನೆಯ ತಿರುಳು ಎಲ್ಲಿದೆ? ದುಃಖದ ಮಾತಿಲ್ಲ, ಅದರ ಕಾರಣದ ಮಾತಿಲ್ಲ, ಅಷ್ಟಾಂಗ ಮಾರ್ಗವಿಲ್ಲ, ನಿರ್ವಾಣವಿಲ್ಲ. ಮೊದಲ ಶಾಸನದಲ್ಲಿ ಸಂಘದ ಹೆಸರು ಬರುತ್ತದೆ, ಮಸ್ಕಿಯಲ್ಲಿ ಅಶೋಕ ತನ್ನನ್ನು ‘ಬುದ್ಧ ಶಾಕ್ಯ’ ಎಂದು ಕರೆದುಕೊಂಡಿದ್ದಾನೆ. ಕನ್ನಡ ನೆಲದಲ್ಲಿ ಬುದ್ಧನ ಹೆಸರಿನ ಅತಿ ಹಳೆಯ ಬರಹ ಅದು. ಅಷ್ಟಕ್ಕೆ ಮುಗಿಯಿತು. ಇದೇ ಅಶೋಕ ರಾಜಸ್ಥಾನದ ಬೈರಾಟಿನಲ್ಲಿ ಸಂಘವನ್ನು ನೇರವಾಗಿ ಉದ್ದೇಶಿಸಿ, ಭಿಕ್ಷುಗಳೂ ಭಿಕ್ಷುಣಿಯರೂ ಉಪಾಸಕರೂ ಕೇಳಿ ಮನನ ಮಾಡಬೇಕಾದ ಏಳು ಧರ್ಮಪಾಠಗಳ ಹೆಸರನ್ನೇ ಬರೆಸಿದ್ದಾನೆ. ಅಲ್ಲಿ ಕೇಳುವುದಕ್ಕೆ ಭಿಕ್ಷುಗಳಿದ್ದರು. ಸಿರುಗುಪ್ಪದಲ್ಲಿ ಕೇಳುವವರು ದನಕರು, ಹೊಲ ನೋಡಿಕೊಂಡಿದ್ದ ಜನ. ಹಾಗಾಗಿ ಅಶೋಕನ ಶಾಸನ ಇದ್ದ ಕಡೆಯಲ್ಲೆಲ್ಲ ಬೌದ್ಧರಿದ್ದರು ಎಂಬ ರೂಢಿಯ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬಂಡೆಗಳು ಸಾರಿದ್ದು ರಾಜನೊಬ್ಬನ ಧಮ್ಮವನ್ನು. ಬುದ್ಧನ ಧರ್ಮ ಈ ನಾಡಿನಲ್ಲಿ ಬೇರೂರಿದ್ದು ಬೇರೆಯವರ ಕೈಯಿಂದ, ಬೇರೆ ದಾರಿಯಿಂದ.

ಆ ದಾರಿ ಬುದ್ಧನ ಕಾಲದಲ್ಲೇ ಶುರುವಾಗುತ್ತದೆ. ಲುಂಬಿನಿಯಲ್ಲಿ ಹುಟ್ಟಿ, ಬೋಧಗಯೆಯಲ್ಲಿ ಬೋಧಿ ಪಡೆದು, ಸಾರನಾಥದಲ್ಲಿ ಐವರಿಗೆ ಮೊದಲು ಬೋಧಿಸಿದ ಕಥೆ ಎಲ್ಲರಿಗೂ ಗೊತ್ತು. ಬೌದ್ಧ ಪರಂಪರೆಯ ಪ್ರಕಾರ ಆ ಐವರಿಗಿಂತಲೂ ಮೊದಲು ಬುದ್ಧನಿಗೆ ಶರಣಾದ ಗೃಹಸ್ಥರು ಇಬ್ಬರು, ತಪಸ್ಸು ಮತ್ತು ಭಲ್ಲಿಕ. ಇಬ್ಬರೂ ಗಾಡಿ ಕಟ್ಟಿಕೊಂಡು ಸರಕು ಸಾಗಿಸುತ್ತಿದ್ದ ವ್ಯಾಪಾರಿಗಳು. ಬುದ್ಧನಿಗೆ ಊಟ ಕೊಟ್ಟು ಮುಂದೆ ನಡೆದರು. ಮುಂದಿನ ನಾಲ್ಕೈದು ಶತಮಾನಗಳ ಚರಿತ್ರೆ ಈ ಒಂದು ಘಟನೆಯಲ್ಲೇ ಅಡಗಿದೆ. ಭಿಕ್ಷು ದುಡಿಯುವಂತಿಲ್ಲ, ಅನ್ನ ಕೂಡಿಡುವಂತಿಲ್ಲ. ಮಳೆಗಾಲದಲ್ಲಿ ಒಂದೆಡೆ ನಿಂತು ಉಳಿದ ತಿಂಗಳು ನಡೆಯುತ್ತಿರಬೇಕು. ಎಲ್ಲಿ ಸಾರ್ಥವಾಹರ, ಅಂದರೆ ವ್ಯಾಪಾರಿ ತಂಡಗಳ, ಗಾಡಿ ನಡೆಯುತ್ತದೋ ಅಲ್ಲಿ ಅವನೂ ನಡೆದ. ಎಲ್ಲಿ ಪೇಟೆ ಕೂಡಿತೋ ಅಲ್ಲಿ ಅವನ ಮಳೆಗಾಲದ ಬಿಡಾರ ಕಟ್ಟಡವಾಯಿತು, ವಿಹಾರವಾಯಿತು. ಜನರಿಗೆ ಅವರವರ ಮಾತಿನಲ್ಲೇ ಹೇಳಿ ಎಂಬ ಬುದ್ಧನ ಅಪ್ಪಣೆ ಅವನಿಗೆ ದೊಡ್ಡ ಆಸರೆ.

ದಕ್ಷಿಣದ ದಾರಿಯ ಅತಿ ಹಳೆಯ ಚಿತ್ರ ಸುತ್ತನಿಪಾತವೆಂಬ ಪಾಲಿ ಬೌದ್ಧ ಗ್ರಂಥದಲ್ಲಿ ಸಿಗುತ್ತದೆ. ಗೋದಾವರಿಯ ದಡದಲ್ಲಿದ್ದ ಬಾವರಿ ಎಂಬ ವೃದ್ಧ ಬ್ರಾಹ್ಮಣ ತನ್ನ ಹದಿನಾರು ಶಿಷ್ಯರನ್ನು ಬುದ್ಧನ ಬಳಿಗೆ ಕಳಿಸುತ್ತಾನೆ. ಅವರು ಪೈಠಣ, ಮಾಹಿಷ್ಮತಿ, ಉಜ್ಜಯಿನಿ, ವಿದಿಶಾ, ಕೌಶಾಂಬಿ ಹೀಗೆ ಊರೂರು ದಾಟಿ ರಾಜಗೃಹ ಮುಟ್ಟುತ್ತಾರೆ. ಅದು ಆ ಕಾಲದ ಹೆದ್ದಾರಿಯೇ. ಆದರೆ ಆ ದಾರಿಯ ದಕ್ಷಿಣದ ತುದಿ ಗೋದಾವರಿ. ಕೃಷ್ಣೆ, ತುಂಗಭದ್ರೆಯ ಸುದ್ದಿ ಅದರಲ್ಲಿಲ್ಲ.

ಅಶೋಕನ ಕಾಲದಲ್ಲಿ ಪಾಟಲಿಪುತ್ರದಲ್ಲಿ ಮೊಗ್ಗಲಿಪುತ್ತ ತಿಸ್ಸನ ಹಿರಿತನದಲ್ಲಿ ಬೌದ್ಧರ ಮೂರನೆಯ ಸಂಗೀತಿ, ಅಂದರೆ ಮಹಾಸಭೆ, ನಡೆದು, ದಿಕ್ಕುದಿಕ್ಕಿಗೆ ಥೇರರೆಂಬ ಹಿರಿಯ ಭಿಕ್ಷುಗಳು ಹೊರಟರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಮಹಿಂದ ಲಂಕೆಗೆ, ಮಜ್ಝಿಮ ಹಿಮಾಲಯಕ್ಕೆ, ಮಹಾದೇವ ಮಹಿಷಮಂಡಲಕ್ಕೆ, ರಕ್ಖಿತ ವನವಾಸಕ್ಕೆ. ವನವಾಸ ನಮ್ಮ ಬನವಾಸಿ. ಮಹಿಷಮಂಡಲ ಮೈಸೂರು ಸೀಮೆಯೋ ನರ್ಮದೆಯ ದಡದ್ದೋ ಎಂಬ ವಾದ ಇದೆ. ಮಹಾವಂಸ ಬರೆದದ್ದು ಅಶೋಕನಾದ ಏಳೆಂಟು ಶತಮಾನದ ಮೇಲೆ, ಇದೆಲ್ಲ ಕಟ್ಟುಕಥೆ ಇರಬಹುದೆಂಬ ಸಂಶಯ ಸಹಜ. ಆದರೆ 1851ರಲ್ಲಿ ಅಲೆಗ್ಸಾಂಡರ್ ಕನಿಂಗ್‌ಹ್ಯಾಮ್ ಸಾಂಚಿ ಮತ್ತು ಸುತ್ತಲಿನ ಸ್ತೂಪಗಳನ್ನು ತೆರೆದಾಗ ಧಾತು ಕರಂಡಕಗಳ ಮೇಲೆ ಅದೇ ಮಜ್ಝಿಮನ ಹೆಸರಿತ್ತು. ಹಿಮಾಲಯದ ಆಚಾರ್ಯನೆಂದು ಬರೆದ ಕಸಪಗೋತನ ಹೆಸರೂ ಇತ್ತು. ಹಿಮಾಲಯಕ್ಕೆ ಹೋದವರ ಅಸ್ಥಿ ಸಿಕ್ಕಿತೆಂದ ಮೇಲೆ ಬನವಾಸಿಗೆ ಬಂದ ರಕ್ಖಿತನನ್ನು ಕಥೆಯೆಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಅಶೋಕನ ಆಡಳಿತಕ್ಕೆ ಈ ಸೀಮೆ ಯಾಕೆ ಅಷ್ಟು ಬೇಕಾಗಿತ್ತು? ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ಅಶೋಕ ಶಾಸನಗಳು ದೇಶದ ಬೇರೆಲ್ಲೂ ಕೂಡಿ ಬಂದಿಲ್ಲ. ಚಿನ್ನವೇ ಕಾರಣ ಎಂಬುದು ನನಗೆ ಒಪ್ಪಿಗೆಯಾಗುವ ಉತ್ತರ. ಮಸ್ಕಿಯ ಹತ್ತಿರದ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ, ಅಲ್ಲಿ ಸುಮಾರು 2,000 ವರ್ಷ ಹಳೆಯ ಗಣಿಗಾರಿಕೆಯ ಕುರುಹುಗಳು ಸಿಕ್ಕಿವೆ. ಜೊನ್ನಗಿರಿಯೂ ಚಿನ್ನದ ನೆಲ. ಇನ್ನೊಂದು ಕಾರಣ ಗಡಿ. ಅಶೋಕನ ದೊಡ್ಡ ಶಾಸನಗಳು ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನು ನೆರೆಯವರೆಂದು ಹೆಸರಿಸುತ್ತವೆ. ಅವರ ನಾಡಿಗೆ ಮುನ್ನ ಸಾಮ್ರಾಜ್ಯದ ಕೊನೆಯ ತುಂಡು ಇದು.

ಆಗ ಈ ಸೀಮೆ ಜನರಿಲ್ಲದ ಕಾಡಾಗಿರಲಿಲ್ಲ. ತೆಕ್ಕಲಕೋಟೆ, ಸಂಗನಕಲ್ಲಿನಲ್ಲಿ ಅದಕ್ಕೂ ಸಾವಿರಾರು ವರ್ಷ ಮೊದಲಿನ ನವಶಿಲಾಯುಗದ ವಸತಿಗಳಿವೆ. ಗಂಗಾವತಿ ಸಮೀಪದ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಚಪ್ಪಡಿಗಳಿಂದ ಕಟ್ಟಿದ ನೂರಾರು ಶಿಲಾಸಮಾಧಿಗಳು ನಿಂತಿವೆ, ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೂ ಇದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಅಶೋಕನ ಬಂಡೆಯ ಪಕ್ಕದಲ್ಲೇ ಇಂಥ ಬೃಹತ್ ಶಿಲಾಯುಗದ ಜನರ ಊರು ಸಿಕ್ಕಿತು. ಕಬ್ಬಿಣ ಕರಗಿಸಿ, ಸತ್ತವರಿಗೆ ಕಲ್ಲಿನ ಮನೆ ಕಟ್ಟಿ, ತಮ್ಮದೇ ದೈವಗಳನ್ನು ನಂಬಿಕೊಂಡಿದ್ದ ಈ ಜನರ ನಡುವೆ ಭೇರಿ ಮೊಳಗಿತು. ತಂದೆತಾಯಿಯನ್ನು ಗೌರವಿಸಿ ಎಂಬ ಮಾತಿಗೆ ಅವರು ತಲೆಯಾಡಿಸಿಯೇ ಇರಬೇಕು. ಅದಕ್ಕಾಗಿ ಧರ್ಮ ಬದಲಿಸುವ ಅಗತ್ಯ ಯಾರಿಗೂ ಬೀಳಲಿಲ್ಲ.

ಅಶೋಕನ ಕಾಲ ಕಳೆದು ಸಾತವಾಹನರು ಬಂದ ಮೇಲೆ ಚಿತ್ರ ಬದಲಾಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ದಡದ ಸನ್ನತಿಗೆ ಹೋದರೆ ಈ ಬದಲಾವಣೆಯನ್ನು ಕಣ್ಣಾರೆ ಕಾಣಬಹುದು. ಅಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಅದನ್ನು ಸರಿಪಡಿಸುವಾಗ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರ ಕಂಡವು. ಅದು ಅಶೋಕನ ಶಾಸನ. ಕಳಿಂಗದ ಧೌಲಿ, ಜೌಗಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರತ್ಯೇಕ ಆಜ್ಞೆಗಳು ಅದರಲ್ಲಿದ್ದವು. ಎಷ್ಟೋ ಶತಮಾನ ಅದರ ಮೇಲೆ ಕಾಳಿಗೆ ಪೂಜೆ ನಡೆದಿತ್ತು, ಪೂಜೆಯೇ ಆ ಕಲ್ಲನ್ನು ಕಾಪಾಡಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಸುಣ್ಣಕಲ್ಲಿನ ಶಿಲ್ಪಗಳಿಂದ ಮುಚ್ಚಿದ್ದ ಮಹಾಚೈತ್ಯವೊಂದು ಹೊರಬಂತು. ಒಂದು ಫಲಕದಲ್ಲಿ ರಾಜ ರಾಣಿಯೊಡನೆ ನಿಂತಿದ್ದಾನೆ, ಪರಿಚಾರಿಕೆಯರು ಛತ್ರ ಚಾಮರ ಹಿಡಿದಿದ್ದಾರೆ, ಮೇಲೆ ‘ರಾಯೋ ಅಸೋಕೋ’ ಎಂದು ಹೆಸರು ಬರೆದಿದೆ. ಇನ್ನೊಂದರಲ್ಲಿ ಸಾತಕರ್ಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ. ರಾಜರ ಈ ಚಿತ್ರಗಳ ನಡುವೆ ಸಾಮಾನ್ಯ ಉಪಾಸಕ ಉಪಾಸಿಕೆಯರು ತಾವು ಕೊಟ್ಟ ಕಲ್ಲುಗಳ ಮೇಲೆ ತಮ್ಮ ಹೆಸರು ಬರೆಸಿದ್ದಾರೆ. ಸಿರುಗುಪ್ಪದ ಬಂಡೆಯಲ್ಲಿ ಮಾತಾಡಿದವನು ಒಬ್ಬನೇ ರಾಜ. ಕನಗನಹಳ್ಳಿಯಲ್ಲಿ ಊರೇ ಮಾತಾಡುತ್ತದೆ. ಧರ್ಮ ನೆಲೆನಿಂತದ್ದರ ಗುರುತು ಅದು.

ಬನವಾಸಿಯಲ್ಲೂ ಹೀಗೆಯೇ. ಮಹಾರಾಷ್ಟ್ರದ ಕಾರ್ಲೆಯ ಮಹಾಚೈತ್ಯಗೃಹವನ್ನು ನೋಡಿದವರಿಗೆ ಅದರ ಕಮಾನಿನ ಸೊಬಗು ಮರೆಯುವುದಿಲ್ಲ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿ ಅಂದರೆ ಬನವಾಸಿ. ಇಂದಿಗೂ ಬನವಾಸಿಯ ಮಧುಕೇಶ್ವರ ಗುಡಿಯಲ್ಲಿರುವ ಐದು ಹೆಡೆಯ ನಾಗಶಿಲ್ಪದ ಅಂಚಿನಲ್ಲಿ ಪ್ರಾಕೃತದ ಬರಹವಿದೆ. ಚುಟುವಂಶದ ರಾಜಕುಮಾರಿಯೊಬ್ಬಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮೂರನ್ನೂ ಒಟ್ಟಿಗೆ ದಾನ ಮಾಡಿದಳು. ನಾಗ ಈ ನೆಲದ ದೈವ, ಕೆರೆ ಊರಿನ ಜೀವ, ವಿಹಾರ ಹೊಸದಾಗಿ ಬಂದದ್ದು. ಒಂದನ್ನು ಬಿಡಿಸಿ ಇನ್ನೊಂದನ್ನು ಹೇರಲಿಲ್ಲ. ಈ ನಾಡಿನಲ್ಲಿ ಬೌದ್ಧಧರ್ಮ ಬಾಳಿದ ಬಗೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕಲ್ಲು ನನಗೆ ಗೊತ್ತಿಲ್ಲ.

ನಮ್ಮ ಬಳ್ಳಾರಿ ಸೀಮೆ ಆ ಹೊತ್ತಿಗೆ ಸಾತವಾಹನಿಹಾರ ಎನಿಸಿಕೊಂಡಿತ್ತು. 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಮ್ಯಾಕದೋಣಿಯಲ್ಲಿ ಸಾತವಾಹನ ರಾಜ ಪುಳುಮಾವಿಯ ಕಾಲದ ಬಂಡೆ ಶಾಸನವಿದೆ. ಅದು ಗೃಹಸ್ಥನೊಬ್ಬ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅಶೋಕನ ಲಿಪಿ, ಅಶೋಕನ ಪ್ರಾಕೃತ ಇಷ್ಟರಲ್ಲಿ ಊರಿನ ಗೃಹಸ್ಥನ ಕೈಗೆ ಸಿಕ್ಕಿತ್ತು. ವಿಹಾರದ ಸುದ್ದಿ ಅದರಲ್ಲಿಲ್ಲ. ಸಾರ್ಥವಾಹರ ದೊಡ್ಡ ಪೇಟೆ ಭೀಮೆಯ ದಡದಲ್ಲಿ ಎದ್ದಂತೆ, ಬನವಾಸಿಯ ವರದೆಯ ದಡದಲ್ಲಿ ಎದ್ದಂತೆ ಇಲ್ಲಿ ಏಳಲಿಲ್ಲ, ಹಾಗಾಗಿ ಸಂಘವೂ ಇಲ್ಲಿ ಬೀಡುಬಿಡಲಿಲ್ಲ ಎಂಬುದು ನನ್ನ ಎಣಿಕೆ. ಹಂಪಿಯ ರಾಜಾವರಣದಲ್ಲಿ ಬೌದ್ಧ ಶಿಲ್ಪಗಳಿರುವ ಸುಣ್ಣಕಲ್ಲಿನ ಚಪ್ಪಡಿಗಳು ಸಿಕ್ಕಾಗ ಹಂಪಿಯಲ್ಲೂ ಸ್ತೂಪವಿತ್ತೇ ಎಂಬ ಪ್ರಶ್ನೆ ಎದ್ದಿತು. ಹಂಪಿ ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಗುಂಡುಗಳೇ, ಸುಣ್ಣಕಲ್ಲು ಅಲ್ಲಿಯದಲ್ಲ. ವಿಜಯನಗರದವರು ಎಲ್ಲೋ ಪಾಳುಬಿದ್ದಿದ್ದ ಸ್ತೂಪದ ಕಲ್ಲುಗಳನ್ನು ತರಿಸಿ ತಮ್ಮ ಕಟ್ಟಡಗಳಿಗೆ ಬಳಸಿದರೆಂದು ತಿಳಿಯುವುದೇ ಸರಿ.

ವ್ಯಾಪಾರಿಗಳಿಗೂ ಬುದ್ಧನಿಗೂ ಇದ್ದ ನಂಟು ಮಾತ್ರ ಬಹುಕಾಲ ಕಡಿಯಲಿಲ್ಲ. 1065ರಲ್ಲಿ ಬಳ್ಳಿಗಾವೆಯಲ್ಲಿ ಚಾಲುಕ್ಯ ಅಧಿಕಾರಿಯೊಬ್ಬ ಜಯಂತಿ ಬೌದ್ಧವಿಹಾರ ಕಟ್ಟಿಸಿದ. ಅಶೋಕನ ಶಾಸನಗಳಾಗಿ 1,300 ವರ್ಷಗಳ ಮೇಲೆ, 1095ರಲ್ಲಿ, ಗದಗಿನ ಹತ್ತಿರದ ಡಂಬಳದಲ್ಲಿ ತಾರಾದೇವಿಗೂ ಬುದ್ಧನಿಗೂ ಇದ್ದ ವಿಹಾರಗಳಿಗೆ ದಾನ ಸಂದಿತು. ಅಲ್ಲಿನ ಶಾಸನದ ಪ್ರಕಾರ ಅವುಗಳಲ್ಲಿ ಒಂದನ್ನು ಕಟ್ಟಿಸಿದವರು ಆ ಊರಿನ ಹದಿನಾರು ಸೆಟ್ಟಿಗಳು.